ತಾನೂ ಕೆಡಿಸಿಕೊಂಡು ಉತ್ತರ ಹೇಳುವ ಅಕ್ಕ

ಬೀಗ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರ್. ಒಂದರ ಹೆಸರು ಮಹಾರಾಯ, ಇನ್ನೊಂದರ ಹೆಸರು ಬಡಪಾಯಿ. ಮಹಾರಾಯನ ಹೊಟ್ಟೆಯಲ್ಲಿ ಮನೆಯ ಫೋಟೋ, ಕಾಗದಪತ್ರ, ಬೇಕಾದ್ದೆಲ್ಲ ಭದ್ರವಾಗಿದೆ. ಬಡಪಾಯಿ ಇರುವುದೇ ಕೆಡಿಸುವುದಕ್ಕೆ. ನಗಬೇಡಿ, ಪೂರ್ತಿ ಕೇಳಿ. ಎಲ್ಲೋ ದೂರದಲ್ಲಿ, ಮುಖ ಕಂಡಿರದ ಯಾರೋ ಒಬ್ಬರು "ನನ್ನ ಕಂಪ್ಯೂಟರ್‌ನಲ್ಲಿ ಸದ್ದೇ ಬರ್ತಿಲ್ಲ" ಅಂತ ಗೋಳಾಡಿದರೆ, ಎಕ್ಸ್‌ಚೇಂಜ್ ಅಕ್ಕ ಮೊದಲು ಬಡಪಾಯಿಯ ಸದ್ದು ಅಡಗಿಸುತ್ತಾಳೆ. ಅವರದು ಹೇಗೆ ಕೆಟ್ಟಿತೋ ಹಾಗೇ ತನ್ನದನ್ನೂ ಕೆಡಿಸಿಕೊಂಡು, ಒದ್ದಾಡಿ, ಸರಿಮಾಡಿ, ಆಮೇಲೆ ಉತ್ತರ ಬರೆಯುತ್ತಾಳೆ. "ತಾನು ಬೀಳದೆ ಬಿದ್ದವರಿಗೆ ದಾರಿ ಹೇಳಬಾರದು" ಅನ್ನೋದು ಅವಳ ಕಟ್ಟಪ್ಪಣೆ. ಬೀಗದ ಅಂಗಡಿಯ ಯಜಮಾನರು, ಅಂದರೆ ಅಕ್ಕನ ಗಂಡ, ಗಿರಾಕಿಗಳ ಮುಂದೆ ಇದನ್ನೇ ಹೇಳಿಕೊಂಡು ಮೆರೆಯುತ್ತಾರೆ: "ನಾನು ರಿಪೇರಿ ಮಾಡಿ ಹೆಸರು ತಗೊಂಡೆ, ಇವಳು ಕೆಡಿಸಿ ಹೆಸರು ತಗೊಂಡಳು ನೋಡಿ!"

ಎಕ್ಸ್‌ಚೇಂಜ್ ಅಕ್ಕ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಪ್ಪು ಕೂದಲು ಬೆಳ್ಳಗಾಗುವವರೆಗೂ ಕೂತವಳು ಅವಳು. ಆಸ್ಪತ್ರೆಗೆ ಯಾರೂ ಕುಶಾಲಿಗೆ ಫೋನ್ ಮಾಡುವುದಿಲ್ಲ. ಅಳುವವರು, ಬೈಯುವವರು, ಬಾಯಿಂದ ಮಾತೇ ಹೊರಡದವರು. ಎಲ್ಲರಿಗೂ ಅಕ್ಕ ಹೇಳುತ್ತಿದ್ದದ್ದು ಒಂದೇ: "ಮೊದಲು ಉಸಿರು ಬಿಡಿ. ನಾನು ಎಲ್ಲೂ ಹೋಗಲ್ಲ. ಈಗ ಹೇಳಿ." ವಾರ್ಡಿನ ನಂಬರು ಕೇಳಿಸಿಕೊಂಡರೆ ಸಾಲದು, ಅದನ್ನು ತಿರುಗಿ ಒಪ್ಪಿಸಬೇಕು, ಆ ಕಡೆಯವರು ಹೂಂ ಅನ್ನಬೇಕು, ಆಮೇಲೇ ಲೈನು ಜೋಡಿಸಬೇಕು. ಹಾಗೆ ಬದುಕು ಸವೆಸಿದವಳನ್ನು ಒಂದು ದಿನ ಕೈಕುಲುಕಿ ಮನೆಗೆ ಕಳಿಸಿ, ಅವಳ ಕುರ್ಚಿಯಲ್ಲಿ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಅನ್ನುವ ಯಂತ್ರ ತಂದಿಟ್ಟರು. "ಜೀವ ಹೋಗೋ ಹೊತ್ತಲ್ಲಿ ಒತ್ತಿ ಅಂದ್ರೆ ಯಾವ ಬೆರಳಲ್ಲಿ ಒತ್ತೋದಂತೆ?" ಅಂತ ಅಕ್ಕ ಇವತ್ತಿಗೂ ಹಲ್ಲು ಕಡಿಯುತ್ತಾಳೆ.

ಅದೇ ಆಸ್ಪತ್ರೆ ಗುಜರಿಗೆ ಹಾಕಿದ ಡಬ್ಬಗಳೇ ಈ ಮಹಾರಾಯ, ಬಡಪಾಯಿ. ಹೊಸ ಕಾಲದ ಯಾವ ಸಾಫ್ಟ್‌ವೇರೂ ಅವುಗಳ ಮೇಲೆ ಉಸಿರಾಡುತ್ತಿರಲಿಲ್ಲ. ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದರೆ ಓಡುತ್ತದೆ, ಅದು ಯಾರಪ್ಪನ ಸೊತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಅಂತ ಯಾರೋ ಹೇಳಿದರು. ಹಾಕಿದಳು. ಕೈಕೊಟ್ಟಿತು. ಇಂಟರ್ನೆಟ್ಟಿನಲ್ಲಿ ಕನ್ನಡದ ಲಿನಕ್ಸ್ ಮಂದಿ ಸೇರುವ ಒಂದು ಜಾಗವಿತ್ತು, ಅವರವರೇ ಅದಕ್ಕೆ ಕಟ್ಟೆ ಅನ್ನುತ್ತಿದ್ದರು. ಅಲ್ಲಿ ಹೋಗಿ ಕೇಳಿದಳು. ಬಂದ ಮೊದಲ ಉತ್ತರ: "ಇಷ್ಟೂ ಗೊತ್ತಿಲ್ದೆ ಯಾಕ್ರೀ ಹಾಕ್ಕೊಂಡ್ರಿ?"

ಬೇರೆಯವರಾಗಿದ್ದರೆ ಕಂಪ್ಯೂಟರ್ ಮುಚ್ಚಿ ಎದ್ದು ಹೋಗುತ್ತಿದ್ದರು. ನಮ್ಮ ಅಕ್ಕ ಟೊಂಕ ಕಟ್ಟಿ ನಿಂತಳು. ಓದಿದಳು, ಕೆಡಿಸಿದಳು, ಕಲಿತಳು. ನಾಲ್ಕು ಜನಕ್ಕೆ ಹೇಳಿಕೊಡುವಷ್ಟು ಆದಳು. ಕೊನೆಗೆ ಕಟ್ಟೆಯವರೇ "ನೀವೇ ಇದನ್ನ ನೋಡ್ಕೊಳ್ಳಿ ಅಕ್ಕ" ಅಂತ ಮೇಲ್ವಿಚಾರಣೆ ಅವಳ ಕೈಗೆ ಕೊಟ್ಟರು. ಮೊದಲ ದಿನವೇ ಅವಳು ಹಾಕಿದ ರಿವಾಜು, ಕೆಡಿಸಿ ನೋಡಿಯೇ ಉತ್ತರ ಹೇಳುವುದು. ಅವಳ ಉತ್ತರಗಳಂತೂ ಇಲ್ಲೂ "ಮೊದಲು ಉಸಿರು ಬಿಡಿ" ಅಂತಲೇ ಶುರುವಾಗುತ್ತಿದ್ದವು. ಎಲ್ಲರೂ ಪಾಲಿಸಿದರು ಅಂತೇನಿಲ್ಲ. ಆದರೆ ಬಿದ್ದ ನೋವು ಗೊತ್ತಾದವರ ಮಾತು ತಾನೇ ತಾನಾಗಿ ಮೆತ್ತಗಾಯಿತು.

ಒಬ್ಬನದು ಮಾತ್ರ ಆಗಲಿಲ್ಲ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಖಾರದಪುಡಿ ಅಂತ. ಹಗಲೆಲ್ಲ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ವಿದ್ಯೆ ಅಂದರೆ ವಿದ್ಯೆ, ಕಟ್ಟೆಯಲ್ಲಿ ಅವನ ಸಮಕ್ಕೆ ನಿಲ್ಲುವವರಿರಲಿಲ್ಲ. ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಒಮ್ಮೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು, "ಪರದೆ ಪೂರ್ತಿ ಕಪ್ಪಾಗಿದೆ, ದಯವಿಟ್ಟು ಸಹಾಯ ಮಾಡಿ" ಅಂತ ಕೇಳಿದರು. ಖಾರದಪುಡಿ ಬರೆದ: "ಕಣ್ಣಿದೆಯಲ್ಲ, ಕೈಪಿಡಿ ಓದಿ." ಆಕೆ "ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ" ಅಂತ ಬರೆದು ಹೋದವರು ತಿರುಗಿ ಬರಲಿಲ್ಲ.

ಆ ಕ್ಷಮಿಸಿ ಅನ್ನುವ ಮಾತು ಅಕ್ಕನ ಹೊಟ್ಟೆಗೆ ಬೆಂಕಿ ಇಟ್ಟಿತು. ಸಹಾಯ ಕೇಳಿದ್ದಕ್ಕೆ ಕ್ಷಮೆ ಕೇಳಿಕೊಂಡು ಹೋಗುವುದೇ? ಎಲ್ಲರೂ ನೋಡುವ ಹಾಗೇ ಬರೆದಳು: "ನಿಮ್ಮ ವಿದ್ಯೆಗೆ ಕೈ ಮುಗೀತೀನಿ. ನಿಮ್ಮ ನಾಲಿಗೆಗೆ ಈ ಕಟ್ಟೆ ಮೇಲೆ ಜಾಗ ಇಲ್ಲ. ಕೆಡಿಸಿ ನೋಡಿ, ಸಮಾಧಾನವಾಗಿ ಬರೆಯೋದಾದ್ರೆ ಬರೀರಿ. ಇಲ್ಲಾಂದ್ರೆ ಬೇಡ."

"ಊರಿಗೆಲ್ಲ ಜ್ವರ ಬಂದ್ರೆ ಡಾಕ್ಟರೂ ಕಂಬಳಿ ಹೊದ್ದು ಮಲಗಬೇಕಾ ಅಕ್ಕ?" ಅಂತ ಅವನು ಕೇಳಿದ. ಆಮೇಲೆ ಇನ್ನೊಂದು ಸಾಲು: "ಆಯ್ತು. ಬರೆಯಲ್ಲ."

ಬರೆಯಲಿಲ್ಲ ಕೂಡ. ದಿನಾ ಬಂದು ಓದಿಕೊಂಡು ಹೋಗುತ್ತಿದ್ದ. ಪರದೆಯ ಮೇಲಿನ ಮೂಲೆಯಲ್ಲಿ ಅವನ ಹೆಸರಿನ ಪಕ್ಕ, ಬಂದಿದ್ದಾನೆ ಅನ್ನುವ ಗುರುತಿಗೆ, ಹಸಿರು ಚುಕ್ಕೆ ಕಾಣುತ್ತಿತ್ತು. ಅಷ್ಟೇ. ಅಕ್ಕನಿಗೂ ಸ್ವಾಭಿಮಾನ ಕಮ್ಮಿಯೇ? ಅವಳೂ ಕರೆಯಲಿಲ್ಲ.

ಈಗ ಅಕ್ಕನ ನಾದಿನಿಯ ವಿಷಯ. ಅವಳು ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಟೀಚರು. ದೊಡ್ಡ ತರಗತಿಯ ಮಕ್ಕಳಿಗೆ ಪಾಠಗಳನ್ನೆಲ್ಲ ದನಿಯಲ್ಲಿ ಓದಿ ಕೊಡುತ್ತೇನೆ ಅಂತ ಪಣ ತೊಟ್ಟು, ಆ ವರ್ಷವೆಲ್ಲ ಅಣ್ಣನ ಮನೆಯ ಬಟ್ಟೆ ಬೀರುವಿನ ಮುಂದೆ ಕೂತು, ಹೊರಗಿನ ಗದ್ದಲ ಕೇಳದ ಹಾಗೆ ಮೇಲೊಂದು ರಜಾಯಿ ಹೊದ್ದುಕೊಂಡು, ಪುಟ ಪುಟವನ್ನೂ ಓದಿ ರೆಕಾರ್ಡ್ ಮಾಡಿದ್ದಳು. ಬೆವರಿ ತೊಪ್ಪೆಯಾಗಿ ರಜಾಯಿಯಿಂದ ಹೊರಬರುವಾಗ ಅಣ್ಣ ರೇಗಿಸುತ್ತಿದ್ದರು, "ಏನಮ್ಮಾ, ಮೊಟ್ಟೆಗೆ ಕಾವು ಕೊಟ್ಟಾಯ್ತಾ?" ಓದಿ ಓದಿ ಅವಳ ಗಂಟಲು ಕಟ್ಟಿ, ದನಿ ಅಂಗಡಿಯ ತುಕ್ಕು ಹಿಡಿದ ಬಾಗಿಲಿನಂತಾಗಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ಮರುದಿನ ಎಲ್ಲವನ್ನೂ ಶಾಲೆಗೆ ಒಪ್ಪಿಸಬೇಕು. ಬೆಳಿಗ್ಗೆ ರೆಕಾರ್ಡರಿನಲ್ಲಿದ್ದದ್ದನ್ನೆಲ್ಲ ಮಹಾರಾಯನಿಗೆ ತುಂಬಿ, ಕೊನೆಯ ಒಂದು ಪಾಠ ಓದುವುದಕ್ಕೆಂದು ರೆಕಾರ್ಡರನ್ನು ಖಾಲಿ ಮಾಡಿಕೊಂಡು ಹೋಗಿದ್ದಳು. "ಊಟ ಆದ್ಮೇಲೆ ಇನ್ನೊಂದು ಪ್ರತಿ ಮಾಡಿಡ್ತೀನಿ, ನೀನು ನಿಶ್ಚಿಂತೆಯಿಂದ ಹೋಗು ಟೀಚರಮ್ಮ" ಅಂದಿದ್ದಳು ಅಕ್ಕ. ಒಂದೇ ಪ್ರತಿ ಇದ್ದರೆ ಒಂದೂ ಇಲ್ಲ ಅಂತ ತಿಳ್ಕೊಳ್ಳಿ ಅಂತ ಕಟ್ಟೆಯ ಮಂದಿಗೆಲ್ಲ ಬುದ್ಧಿ ಹೇಳುವವಳೂ ಅವಳೇ.

ಊಟಕ್ಕೆ ಮುಂಚೆ ಕಟ್ಟೆಯಲ್ಲಿ ಒಂದು ಪ್ರಶ್ನೆ ಬಂತು. ಫೋಟೋ ಸ್ಟುಡಿಯೋದವರೊಬ್ಬರು ಕೈತಪ್ಪಿ ಒಂದು ಫೋಲ್ಡರನ್ನೇ ಅಳಿಸಿಬಿಟ್ಟಿದ್ದರು. ಅಕ್ಕ ಎಂದಿನಂತೆ ಕೂತಳು. ದೊಡ್ಡ ಫೈಲುಗಳೇ ಬೇಕಲ್ಲ ಅಂತ ನಾದಿನಿಯ ಪಾಠಗಳಲ್ಲಿ ಮೊದಲ ಎರಡು ಮೂರನ್ನು ಬಡಪಾಯಿಗೆ ಕಳಿಸಿದಳು, ಅದೇ ಹೆಸರಿನ ಫೋಲ್ಡರಿನಲ್ಲಿ. ಅವಳು ಎರಡು ಕಂಪ್ಯೂಟರನ್ನೂ ಒಂದೇ ಕೀಬೋರ್ಡಿನಿಂದ ಆಳುತ್ತಾಳೆ. ಪರದೆಯ ಮೇಲೆ ಎರಡು ಕಪ್ಪು ಕಿಟಕಿ, ಎಡಗಡೆಯದು ಮಹಾರಾಯನದು, ಬಲಗಡೆಯದು ಬಡಪಾಯಿಯದು. ಅಳಿಸುವ ಆಜ್ಞೆ ಬರೆದು, ಒತ್ತಿದಳು. ಆಮೇಲೆ ಬಡಪಾಯಿಯತ್ತ ನೋಡಿದಳು. ಪಾಠಗಳು ಅಲ್ಲೇ ಇವೆ!

ಎಡಗಡೆ ನೋಡಿದಳು. ಮಹಾರಾಯನ ಫೋಲ್ಡರು ಗುಡಿಸಿ ಸಾರಿಸಿದ ಹಾಗಿತ್ತು.

"ರೀ! ಪ್ಲಗ್ ಕೀಳ್ರೀ! ಮಹಾರಾಯನ ಪ್ಲಗ್ ಕೀಳ್ರೀ!"

ಹೆಂಡತಿಗೆ ಶಾಕ್ ಹೊಡೆಯಿತು ಅಂದುಕೊಂಡು ಯಜಮಾನರು ಕೈಯಲ್ಲಿದ್ದ ಕೀಲಿ ಉಜ್ಜುವ ಅರವನ್ನು ಬಿಸಾಕಿ ಓಡಿಬಂದು ಪ್ಲಗ್ಗನ್ನು ಕಿತ್ತೇಬಿಟ್ಟರು. ಅದೊಂದು ಸರಿಯಾದ ಕೆಲಸವಾಯಿತು. ಅಳಿಸಿದ ಮಾತ್ರಕ್ಕೆ ಡಿಸ್ಕಿನಿಂದ ಏನೂ ಆ ಕ್ಷಣಕ್ಕೇ ಮಾಯವಾಗುವುದಿಲ್ಲ. ಜಾಗ ಖಾಲಿ ಅಂತ ಬೋರ್ಡು ಬೀಳುತ್ತದೆ, ಅಷ್ಟೇ. ಆದರೆ ಯಂತ್ರ ಓಡುತ್ತಿದ್ದಷ್ಟೂ ಆ ಜಾಗದಲ್ಲಿ ಬೇರೇನಾದರೂ ಬಂದು ಕೂರುತ್ತದೆ. ಕೂತರೆ ಮುಗಿಯಿತು. ಇಲ್ಲಿಯವರೆಗೆ ಅಕ್ಕನಿಗೆ ಗೊತ್ತಿತ್ತು. ಮುಂದಿನದನ್ನು ಓದಿದ್ದಳೇ ಹೊರತು ಮಾಡಿರಲಿಲ್ಲ. ಅದನ್ನು ಕಲಿಯುವುದಕ್ಕೇ ಅಲ್ಲವೇ ಇವತ್ತು ಕೂತದ್ದು? ಒಮ್ಮೆ ತಪ್ಪು ಕಿಟಕಿಯಲ್ಲಿ ಒತ್ತಿದ ಬೆರಳನ್ನು ಇನ್ನೊಮ್ಮೆ ಹೇಗೆ ನಂಬುವುದು?

ಬಡಪಾಯಿಯಿಂದಲೇ ಕಟ್ಟೆಗೆ ಬರೆದಳು. ತಲೆಬರಹ: "ಅಕ್ಕನೇ ಬಿದ್ದಿದ್ದಾಳೆ, ಕೈ ಕೊಡಿ." ಏನಾಯಿತು, ಏನು ಕಳೆಯಿತು, ಯಾರ ಮಕ್ಕಳ ಪರೀಕ್ಷೆ, ಒಂದನ್ನೂ ಮುಚ್ಚಿಡಲಿಲ್ಲ.

ಉತ್ತರಗಳು ಬಂದವು. ಅಬ್ಬಬ್ಬಾ, ಏನು ಉತ್ತರಗಳು! ಒಬ್ಬ, "ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಇನ್ನೊಂದು ಪ್ರತಿ ಎಲ್ಲಕ್ಕ?" ಅಂದ. ಇನ್ನೊಬ್ಬ, ಮಹಾರಾಯನನ್ನೇ ಮತ್ತೆ ಹಚ್ಚಿ ಅದರಲ್ಲೇ ಹುಡುಕುವ ಸಾಫ್ಟ್‌ವೇರ್ ಹಾಕಿ ಅಂದ. ಹಾಗೆ ಹಾಕಿದರೆ ಕಳೆದುಹೋದ ಪಾಠಗಳ ತಲೆಯ ಮೇಲೇ ಹೋಗಿ ಕೂರುತ್ತದೆ ಅನ್ನುವ ಜ್ಞಾನವೂ ಇಲ್ಲದೆ! ಮೂರನೆಯವರು ಪಾಪ, ಒಳ್ಳೆಯ ಮನಸ್ಸಿನಿಂದ "ಧೈರ್ಯವಾಗಿರಿ ಅಕ್ಕ" ಅಂದರು. ಕೆಡಿಸಿ ನೋಡಿದವರು ಒಬ್ಬರೂ ಇಲ್ಲ. ಅಕ್ಕನ ಕಣ್ಣು ತುಂಬಿತು. ಕಟ್ಟಿ ಬೆಳೆಸಿದ ಕಟ್ಟೆ ಇದೇನಾ ಅನ್ನಿಸಿತು.

ಯಜಮಾನರು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. "ಆ ಲಿಫ್ಟಿನವನನ್ನ ಕೇಳು."

"ಅವರ ಬಾಯಿ ಮುಚ್ಚಿಸಿದವಳೇ ನಾನು. ಯಾವ ಮುಖ ಇಟ್ಕೊಂಡು ಕೇಳಲಿ?"

"ಮುಖ ಯಾರು ನೋಡ್ತಾರೆ ಕಣೇ ಅಲ್ಲಿ? ನಾನು ಎಷ್ಟು ಬಾಗಿಲು ತೆಗೆದಿದ್ದೀನಿ. ಬೀಗ ಹಾಕ್ಕೊಂಡು ಕೀಲಿ ಒಳಗೆ ಬಿಟ್ಟೋರು ನನ್ನ ಜೊತೆ ಜಗಳ ಆಡಿದವರೇ ಆಗಿದ್ರೂ, ನಾನು ಹೋಗಿಲ್ವಾ? ಕೆಲಸ ಬಲ್ಲವನಿಗೆ ಬಾಗಿಲು ಕಂಡರೆ ಕೈ ಸುಮ್ಮನಿರಲ್ಲ. ಕೇಳು."

ಅಕ್ಕ ಖಾರದಪುಡಿಗೆ ಪ್ರತ್ಯೇಕವಾಗಿ ಬರೆದಳು. ಸುತ್ತಿಬಳಸಲಿಲ್ಲ. "ನಿಮಗೆ ಬರೀಬೇಡಿ ಅಂದಿದ್ದು ನಾನು. ಇವತ್ತು ಬರೀರಿ ಅಂತ ಕೇಳ್ತಿರೋದೂ ನಾನೇ. ನಿಮ್ಮ ನಾಲಿಗೆ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ನನಗೆ ನೀವು ಬೇಕು."

ಹಸಿರು ಚುಕ್ಕೆ ಉರಿಯುತ್ತಿತ್ತು. ಉತ್ತರ ಇಲ್ಲ. ಅಷ್ಟರಲ್ಲಿ ನಾದಿನಿ ಕೊನೆಯ ಪಾಠ ಮುಗಿಸಿಕೊಂಡು, ಗೆದ್ದುಬಂದವಳ ಹಾಗೆ ರೆಕಾರ್ಡರು ಎತ್ತಿ ಹಿಡಿದು ಒಳಗೆ ಬಂದಳು. ಅಕ್ಕ ಎದ್ದು ನಿಂತು ನೇರವಾಗಿ ಹೇಳಿದಳು, "ಟೀಚರಮ್ಮ, ನಿನ್ನ ಪಾಠಗಳನ್ನ ನಾನು ಅಳಿಸಿಬಿಟ್ಟೆ."

ನಾದಿನಿ ತಮಾಷೆ ಅಂತ ನಕ್ಕಳು. ಅಣ್ಣನ ಮುಖ ನೋಡಿದಳು. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. "ಅತ್ತಿಗೆ, ನನ್ನ ದನಿ ಕೇಳಿ. ಇನ್ನೊಂದ್ಸಲ ಓದೋಕೆ ಇದರಲ್ಲಿ ಏನಿದೆ? ಮಕ್ಕಳಿಗೆ ನಾಳೆ ಅಂತ ಮಾತು ಕೊಟ್ಟಿದ್ದೀನಿ." ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಪರದೆಯ ಮೇಲೆ ಖಾರದಪುಡಿಯ ಹೆಸರು ಎದ್ದಿತು. ಪ್ರತ್ಯೇಕವಾಗಿ ಅಲ್ಲ, ಎಲ್ಲರೂ ನೋಡುವ ಕಟ್ಟೆಯಲ್ಲೇ.

"ಬದನೆಕಾಯಿ ಮಾತಾಡಿದವರೆಲ್ಲ ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಳ್ಳಿ. ಅಕ್ಕ, ಕೈಕಟ್ಟಿ ಕೂತ್ಕೊಳ್ಳಿ, ನಾನು ಹೇಳೋ ತನಕ ಏನೂ ಮುಟ್ಟಬೇಡಿ. ತಡ ಆಗಿದ್ದು ಯಾಕಂದ್ರೆ, ನಿಮ್ಮ ಥರದ್ದೇ ಹಳೇ ಡಿಸ್ಕ್ ಹುಡುಕಿ, ನನ್ನ ಮಗಳ ಹಾಡಿನ ಫೋಲ್ಡರ್ ಅದಕ್ಕೆ ತುಂಬಿ, ನೀವು ಅಳಿಸಿದ ಹಾಗೇ ಅಳಿಸಿ, ಪ್ಲಗ್ ಕಿತ್ತೆ. ಈಗ ನಾನೂ ನೀವೂ ಒಂದೇ ಗುಂಡೀಲಿ ಇದ್ದೀವಿ. ಹೆದರಬೇಡಿ, ನನ್ನ ಹತ್ರ ಇನ್ನೊಂದು ಪ್ರತಿ ಇದೆ. ನಿಮ್ಮ ಹಾಗಲ್ಲ."

ಅಕ್ಕ ಓದಿದಳು. ಕೊನೆಯ ಮಾತಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಂಬಳಿ ಹೊದ್ದು ಮಲಗಬೇಕಾ ಅಂತ ಕೇಳಿದ್ದ ಡಾಕ್ಟರು ಇವತ್ತು ತಾನೇ ಜ್ವರ ತರಿಸಿಕೊಂಡು ಬಂದಿದ್ದ!

ಮುಂದಿನದೆಲ್ಲ ಕೆಲಸ. ಮಹಾರಾಯನ ಡಿಸ್ಕನ್ನು ಬಿಚ್ಚಿ ಬಡಪಾಯಿಗೆ ಅತಿಥಿಯಂತೆ ಜೋಡಿಸಬೇಕು. ಆ ಡಿಸ್ಕನ್ನು ಓದಬಹುದು, ಅದರ ಮೇಲೆ ಒಂದಕ್ಷರ ಬರೆಯಕೂಡದು. ಬೀಗದ ಸಣ್ಣ ಸ್ಕ್ರೂಡ್ರೈವರಿನಲ್ಲಿ ಯಜಮಾನರೇ ಬಿಚ್ಚಿದರು, "ಇದರ ಸ್ಕ್ರೂ ನಮ್ಮ ಬೀಗದಷ್ಟು ಹಠಮಾರಿ ಅಲ್ಲ" ಅಂದುಕೊಳ್ಳುತ್ತ. ಖಾರದಪುಡಿ ತನ್ನ ಡಿಸ್ಕಿನಲ್ಲಿ ಒಂದು ದಾರಿ ಹಿಡಿದು ನೋಡಿದ, ಹಾಡುಗಳು ಹೆಸರಿಲ್ಲದೆ ಕಲಸುಮೇಲೋಗರವಾಗಿ ಬಂದವು. ಇನ್ನೊಂದು ದಾರಿ ಹಿಡಿದ, ಹೆಸರಿನ ಸಮೇತ ಬಂದವು. "ಈ ದಾರೀಲೇ ಬನ್ನಿ. ಆದರೆ ಒತ್ತೋಕೆ ಮುಂಚೆ ಬರೆದದ್ದನ್ನ ನನಗೆ ತಿರುಗಿ ಒಪ್ಪಿಸಿ, ನಾನು ಹೂಂ ಅಂದ್ಮೇಲೇ ಒತ್ತಿ."

ಇದು ಅಕ್ಕನ ಎಕ್ಸ್‌ಚೇಂಜಿನ ರಿವಾಜೇ ಅಲ್ಲವೇ! ಕಟ್ಟೆಯಲ್ಲಿ ಅವಳು ಹೊಸಬರಿಂದ ಹೀಗೆಯೇ ಒಪ್ಪಿಸಿಕೊಳ್ಳುತ್ತಿದ್ದದ್ದನ್ನು ಈ ಮನುಷ್ಯ ಬಾಯಿ ಮುಚ್ಚಿಕೊಂಡು ದಿನಾ ಓದಿದ್ದಾನೆ. ಅಕ್ಕ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದೊಂದು ಆಜ್ಞೆಯನ್ನೂ ಬರೆದು ಒಪ್ಪಿಸಿದಳು. ಅವನು ಹೂಂ ಅಂದ. ಒತ್ತಿದಳು. ಒಂದು ಕಡೆ ಅವನು "ಥೂ, ನಿಲ್ಲಿ, ಡಿಸ್ಕಿನ ಹೆಸರು ತಪ್ಪು" ಅಂದ. ಅಕ್ಕ ನಿಂತಳು, ತಿದ್ದಿದಳು. ಆ ಥೂ ಅವಳಿಗೆ ಒಂದಿಷ್ಟೂ ಚುಚ್ಚಲಿಲ್ಲ.

ಸಂಜೆ ಬೆಳಕು ಅಂಗಡಿಯ ಶಟರಿನ ಕೆಳಗಿನಿಂದ ಒಳಗೆ ಬೀಳುವ ಹೊತ್ತಿಗೆ ಪಾಠಗಳ ಹೆಸರು ಒಂದರ ಕೆಳಗೊಂದು ಬಡಪಾಯಿಯ ಪರದೆ ಹತ್ತಿದವು. ಅಕ್ಕ ಒಂದನ್ನು ಹಚ್ಚಿದಳು. ಗಂಟಲು ಕಟ್ಟುವುದಕ್ಕೆ ಮುಂಚಿನ, ತಿಳಿನೀರಿನಂಥ ನಾದಿನಿಯ ದನಿ ಕೋಣೆ ತುಂಬಿತು: "ಮಕ್ಕಳೇ, ಸರಿಯಾಗಿ ಕೂತ್ಕೊಳ್ಳಿ, ಶುರುಮಾಡೋಣ." ನೆಲದ ಮೇಲೆ ಕೂತಿದ್ದ ನಾದಿನಿ ಎದ್ದು ಬಂದು ಅತ್ತಿಗೆಯ ಹೆಗಲಿಗೆ ಮುಖ ಒತ್ತಿದಳು. ಯಜಮಾನರು ಮೂಗು ಸೀಟಿಕೊಂಡು, ಅಂಗಡಿಯಲ್ಲಿ ಯಾರೋ ಕರೆದ ಹಾಗಾಯಿತು ಅಂತ ಎದ್ದು ಹೋದರು. ಯಾರೂ ಕರೆದಿರಲಿಲ್ಲ.

ಎಲ್ಲವೂ ಪೂರ್ತಿಯಾಗಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ಪಾಠ ಅರ್ಧಕ್ಕೆ ತುಂಡಾಗಿತ್ತು. ಅದನ್ನು ನಾದಿನಿ ಅಲ್ಲೇ ರಜಾಯಿ ಹೊದ್ದು, ತುಕ್ಕು ಹಿಡಿದ ದನಿಯಲ್ಲೇ ಓದಿ ಸೇರಿಸಿದಳು. ಇನ್ನೊಂದು ಪ್ರತಿ ಆಯಿತು, ಮತ್ತೊಂದೂ ಆಯಿತು. ಪರದೆಯ ಮೇಲಿನ ಬಡಪಾಯಿಯ ಕಿಟಕಿಗೆ ಅಕ್ಕ ಕೆಂಪು ಬಣ್ಣ ಬಳಿದಳು, ಇನ್ನು ಜನ್ಮದಲ್ಲಿ ತಪ್ಪದ ಹಾಗೆ.

ಕಟ್ಟೆಯಲ್ಲಿ ಅವಳು ಆದದ್ದನ್ನೆಲ್ಲ ಬರೆದಿಟ್ಟಳು, ಮುಂದೆ ಬೀಳುವವರಿಗಾಗಿ. ಕೊನೆಗೆ ಖಾರದಪುಡಿಗೆ ಕೇಳಿದಳು: "ನಿಮ್ಮ ಋಣ ಹೇಗೆ ತೀರಿಸಲಿ?"

"ಋಣ ಗಿಣ ಬಿಡಿ. ಆ ಸ್ಟುಡಿಯೋದವರು ಬೆಳಿಗ್ಗೆಯಿಂದ ಕಾಯ್ತಿದ್ದಾರೆ, ನೋಡಿದ್ರಾ?"

ಅಯ್ಯೋ! ಅಕ್ಕ ನಾಲಿಗೆ ಕಚ್ಚಿಕೊಂಡಳು. ತನ್ನ ಗಲಾಟೆಯಲ್ಲಿ ಆ ಮನುಷ್ಯನನ್ನು ಮರೆತೇಬಿಟ್ಟಿದ್ದಳು. ಅಕ್ಕನ ಬೆರಳು ಕೀಬೋರ್ಡಿಗೆ ಹೋಯಿತು. ಆಮೇಲೆ ಏನೋ ನೆನೆದು ಹಿಂದಕ್ಕೆ ತೆಗೆದುಕೊಂಡಳು. "ನೀವೇ ಹೇಳಿ. ಈ ಗುಂಡಿಗೆ ನೀವೂ ಬಿದ್ದಿದ್ದೀರಲ್ಲ" ಅಂತ ಬರೆದು ಕಾದಳು.

ಹಸಿರು ಚುಕ್ಕೆ ಬಹಳ ಹೊತ್ತು ಮಿನುಗಿತು. ಅವನು ಬರೆಯುತ್ತಾನೆ, ಅಳಿಸುತ್ತಾನೆ, ಬರೆಯುತ್ತಾನೆ. ಕಡ್ಡಿ ಮುರಿದಂತೆ ಮಾತಾಡುವವನಿಗೆ ಇಷ್ಟು ಹೊತ್ತು ಯಾಕೆ? ಕೊನೆಗೆ ಬಂತು.

"ಸ್ಟುಡಿಯೋದವರೇ, ಮೊದಲು ಉಸಿರು ಬಿಡಿ. ಅಳಿಸಿದ ಮೇಲೆ ಕಂಪ್ಯೂಟರ್ ಓಡಿಸಿದ್ರಾ? ಓಡಿಸಿರ್ತೀರಿ, ಬಿಡಿ, ಪರವಾಗಿಲ್ಲ. ಈಗ ಆಫ್ ಮಾಡಿ. ನಮ್ಮ ಅಕ್ಕ ಇವತ್ತು ಇದೇ ಗುಂಡಿಗೆ ಬಿದ್ದಿದ್ರು. ಎದ್ದು ಬಂದಿದ್ದಾರೆ. ನಿಮ್ಮ ಕೈಯನ್ನೂ ಬಿಡಲ್ಲ. ಈಗ ಹೇಳಿ."

"ರೀ, ಬನ್ನಿ ಇಲ್ಲಿ! ಟೀಚರಮ್ಮ, ನೀನೂ ಬಾ!" ಅಕ್ಕನ ಕೂಗು ಅಂಗಡಿಯ ಆಚೆಯ ಬೀದಿಗೂ ಕೇಳಿಸಿತು. ಇಬ್ಬರೂ ಓಡಿಬಂದರು. ಮತ್ತೇನಾಯಿತೋ ಅಂತ ಯಜಮಾನರ ಕೈ ಆಗಲೇ ಪ್ಲಗ್ಗಿನ ಮೇಲಿತ್ತು. "ಅದನ್ನ ಬಿಡ್ರೀ, ಇದನ್ನ ಓದಿ" ಅಂದಳು ಅಕ್ಕ. ಅವರು ಓದಿದರು. ಸಾಲದು ಅಂತ ಅವಳು ತಾನೇ ಗಟ್ಟಿಯಾಗಿ ಓದಿದಳು, ಎಕ್ಸ್‌ಚೇಂಜಿನಲ್ಲಿ ಕೂತಾಗಿನ ದನಿಯಲ್ಲಿ, ನಮ್ಮ ಅಕ್ಕ ಅನ್ನುವಲ್ಲಿ ಒಂದು ಚೂರು ನಿಂತು.